ಒಲೆಯೂ ಗರಗಸವೂ

ನಮ್ಮ ನಾಡಿನ ಇತಿಹಾಸವನ್ನು ಬರೆದವರು ಅರಸುಮನೆತನಗಳನ್ನೂ ಕಾಳಗಗಳನ್ನೂ ದೇವಾಲಯಗಳನ್ನೂ ಕುರಿತು ಸಾಕಷ್ಟು ಬರೆದಿರುವರು. ಕಲ್ಲಿನಲ್ಲಿ ಕೊರೆದದ್ದು ಉಳಿಯಿತು. ಬೆಂಕಿಯಲ್ಲಿ ಉರಿದದ್ದು ಬೂದಿಯಾಯಿತು. ಹೀಗಾಗಿ ಮನೆಮನೆಯಲ್ಲಿಯೂ ದಿನಕ್ಕೆರಡು ಸಲ ಹೊತ್ತುತ್ತಿದ್ದ ಒಲೆಗೆ ಉರುವಲು ಎಲ್ಲಿಂದ ಬರುತ್ತಿತ್ತು, ಅದನ್ನು ಕಡಿದವರಾರು, ಸೀಳಿದವರಾರು, ಹೊತ್ತು ತಂದವರಾರು ಎಂಬ ಪ್ರಶ್ನೆಗಳನ್ನು ನಾವು ಕೇಳಿಕೊಂಡದ್ದು ಕಡಿಮೆ. ಚಿಕ್ಕೋಡಿ ತಾಲೂಕಿನ ಕಬ್ಬೂರ ಸೀಮೆಯನ್ನು ಕಣ್ಣೆದುರಿಗಿಟ್ಟುಕೊಂಡು ಈ ವಿಷಯವನ್ನು ಸ್ವಲ್ಪ ವಿಚಾರಿಸಬೇಕೆಂದು ಮಾಡಿದ್ದೇನೆ. ಮರವನ್ನು ಕೊಯ್ಯುವ ಗರಗಸವೂ ಮರವನ್ನು ಉರಿಸುವ ಒಲೆಯೂ ಒಂದೇ ಜಮಾಖರ್ಚಿನ ಎರಡು ಬದಿಗಳು. ಆ ಲೆಕ್ಕದಲ್ಲಿ ಒಂದು ಕಲಮು ಮಾತ್ರ ಬಹುಕಾಲದಿಂದ ಬರಿದಾಗಿಯೇ ಉಳಿದಿದೆಯೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶವು.

ಉರುವಲಿನ ಕಾಯಕಕ್ಕೆ ನಮ್ಮ ಸಾಹಿತ್ಯದಲ್ಲಿ ಒಮ್ಮೆ ದೊಡ್ಡ ಮರ್ಯಾದೆ ದೊರೆತಿತ್ತು. ಹನ್ನೆರಡನೆಯ ಶತಮಾನದ ಶರಣರಲ್ಲಿ ಮೋಳಿಗೆಯ ಮಾರಯ್ಯನು ಪ್ರಸಿದ್ಧನು. ಮೋಳಿಗೆಯೆಂದರೆ ಕಟ್ಟಿಗೆಯ ಹೊರೆ. ಕಾಶ್ಮೀರದ ಅರಸುತನವನ್ನು ಬಿಟ್ಟು ಕಲ್ಯಾಣಕ್ಕೆ ಬಂದು, ಅಡವಿಯ ಕಟ್ಟಿಗೆಯನ್ನು ಹೊತ್ತು ಮಾರಿ ದಾಸೋಹ ನಡೆಯಿಸಿದನೆಂಬುದು ಪರಂಪರೆಯಿಂದ ಬಂದ ಕಥೆ. ಅವನ ಸತಿ ಮಹಾದೇವಿಯೂ ವಚನಗಳನ್ನು ಬರೆದವಳು. ಹೊರೆ ಹೊರುವ ಕೆಲಸವೇ ಒಬ್ಬ ಶರಣನ ಹೆಸರಾಯಿತೆಂಬುದು ಸಾಮಾನ್ಯ ಸಂಗತಿಯಲ್ಲ. ಆದರೆ ಆತನ ತರುವಾಯ ಇಷ್ಟು ಶತಮಾನಗಳವರೆಗೆ ತಲೆಯ ಮೇಲೆ ಹೊರೆ ಹೊತ್ತವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ.

ಇನ್ನು ನಮ್ಮ ಸೀಮೆಗೆ ಬರುವಾ. ಕಬ್ಬೂರವೆಂಬ ಹೆಸರನ್ನು ಕೇಳಿದೊಡನೆ ಕಬ್ಬು ನೆನಪಾಗುವುದು ಸಹಜ. ಆದರೆ ಹೆಸರಿನ ಧ್ವನಿಯೊಂದನ್ನೇ ನಂಬಿ ಇತಿಹಾಸ ಕಟ್ಟುವುದು ಅಪಾಯದ ಕೆಲಸವಾದ್ದರಿಂದ ಅದನ್ನು ಅಲ್ಲಿಗೇ ಬಿಡೋಣ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ. ಇವೆರಡರ ನಡುವಿನ ಈ ಬಯಲುನಾಡಿನಲ್ಲಿ ಹೆಮ್ಮರಗಳ ಅಡವಿಯಿಲ್ಲ. ಬೆಳಗಾವಿ ಜಿಲ್ಲೆಯ ದಟ್ಟಡವಿಯೆಲ್ಲವೂ ಪಶ್ಚಿಮಕ್ಕೆ, ಖಾನಾಪುರದ ಕಡೆಗೆ, ಸಹ್ಯಾದ್ರಿಯ ಮಗ್ಗುಲಲ್ಲಿದೆ. ಆದುದರಿಂದ ಇಲ್ಲಿಯ ಒಕ್ಕಲಿಗನಿಗೆ ಮರವೆಂಬುದು ಮೊದಲಿನಿಂದಲೂ ಎಣಿಸಿ ಬಳಸತಕ್ಕ ವಸ್ತು. ಹೊಲದ ಬದುವಿನ ಕರಿಜಾಲಿಯೇ ಅವನ ಸಾಗವಾನಿ. ಚಕ್ಕಡಿಯ ಗಾಲಿ, ನೊಗ, ರೆಂಟೆ, ಕುಂಟೆ, ಕೂರಿಗೆ ಎಲ್ಲವೂ ಅದರಿಂದಲೇ ಆಗತಕ್ಕವು. ಅದರ ತೊಗಟೆ ತೊಗಲು ಹದಮಾಡುವುದಕ್ಕೆ, ಕಾಯಿ ಆಡುಕುರಿಗಳಿಗೆ, ಮುಳ್ಳು ಬೇಲಿಗೆ. ಇವೆಲ್ಲ ತೀರಿದ ಮೇಲೆ ಉಳಿದ ರೆಂಬೆಕೊಂಬೆಗಳು ಮಾತ್ರ ಒಲೆಗೆ. ನಿತ್ಯದ ಒಲೆಯು ಹೆಚ್ಚಾಗಿ ಉರಿದದ್ದು ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ ಮತ್ತು ಕುಳ್ಳಿನಿಂದ. ಹೊಲಕ್ಕೆ ಹೋಗಬೇಕಾದ ಗೊಬ್ಬರವು ಹೀಗೆ ಒಲೆಗೆ ಬೀಳುತ್ತಿತ್ತು. ಒಲೆಯ ಕೊರತೆಯು ಹೊಲದ ಕೊರತೆಯೂ ಆಗಿತ್ತೆಂಬುದನ್ನು ವಾಚಕರು ಗಮನಿಸಬೇಕು.

ದಿಮ್ಮಿಯನ್ನು ಹಲಗೆಯಾಗಿ ಕೊಯ್ಯುವ ಕೆಲಸವು ಯಂತ್ರ ಬರುವ ಪೂರ್ವದಲ್ಲಿ ಇಬ್ಬರ ಕೆಲಸವಾಗಿತ್ತು. ತಗ್ಗು ತೋಡಿ ಅದರ ಮೇಲೆ ದಿಮ್ಮಿಯನ್ನು ಇರಿಸಬೇಕು, ಇಲ್ಲವೆ ಕತ್ತರಿಗಾಲುಗಳ ಮೇಲೆ ಎತ್ತರಕ್ಕೆ ಏರಿಸಬೇಕು. ಮೇಲೆ ಒಬ್ಬನು, ಕೆಳಗೆ ಒಬ್ಬನು ನಿಂತು ಉದ್ದ ಗರಗಸವನ್ನು ಎಳೆಯಬೇಕು. ಮೇಲಿನವನು ಸುಣ್ಣ ಇಲ್ಲವೆ ಕಾವಿಯ ದಾರದಿಂದ ಹಾಕಿದ ಗೆರೆಯನ್ನು ಕಾಯತಕ್ಕವನು; ಕೆಳಗಿನವನ ಕಣ್ಣುಮೂಗುಗಳಿಗೆ ದಿನವೆಲ್ಲ ಹೊಟ್ಟೇ ಪ್ರಾಪ್ತಿ. ಬಡಿಗನು ಆಯಗಾರರಲ್ಲಿ ಒಬ್ಬನಾದುದರಿಂದ ಸುಗ್ಗಿಯಲ್ಲಿ ಅವನಿಗೆ ಕಣದಿಂದ ಕಾಳು ಸಲ್ಲುತ್ತಿತ್ತು.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಹೇಳಬೇಕಾಗಿದೆ. ದುಂಡು ದಿಮ್ಮಿಯಿಂದ ಚೌಕ ತೊಲೆಯನ್ನು ತೆಗೆದರೆ, ವರ್ತುಲದೊಳಗೆ ಕೂಡುವ ಅತ್ಯಂತ ದೊಡ್ಡ ಚೌಕವು ಶೇಕಡಾ 64 ಭಾಗ ಮಾತ್ರ. ಉಳಿದ 36 ಭಾಗವು ಬದಿಯ ಸಿಬಿರಾಗಿ ಹೋಗುವುದು. ಮರವು ಡೊಂಕಾಗಿದ್ದರೆ, ಟೊಳ್ಳಾಗಿದ್ದರೆ ನಷ್ಟವು ಇನ್ನೂ ಹೆಚ್ಚು. ಅದರ ಮೇಲೆ ಗರಗಸದ ಹಲ್ಲು ತಿನ್ನುವ ಪಾಲು ಬೇರೆ. ಒಂದು ಕೊಯ್ತಕ್ಕೆ 5 ಮಿಲಿಮೀಟರು ಹೊಟ್ಟಾದರೆ 10 ಕೊಯ್ತಕ್ಕೆ 50 ಮಿಲಿಮೀಟರು, ಅಂದರೆ ಎರಡಂಗುಲ ದಪ್ಪದ ಒಂದು ಹಲಗೆಯೇ ಪುಡಿಯಾಗಿ ನೆಲಕ್ಕೆ ಬಿತ್ತು. ಬಡಿಗನು ಇದನ್ನು ಪುಸ್ತಕದಿಂದ ಕಲಿಯಲಿಲ್ಲ. ಗೆರೆ ಹಾಕುವ ಮುಂಚೆ ದಿಮ್ಮಿಯನ್ನು ಎರಡು ಮೂರು ಸಲ ಹೊರಳಿಸಿ ನೋಡುವ ಅವನ ತಾಳ್ಮೆಯಲ್ಲಿ ಈ ಲೆಕ್ಕವೆಲ್ಲ ಅಡಗಿದೆ. ಹೀಗೆ ಉಳಿದ ಸಿಬಿರು, ಚಕ್ಕೆ, ಹೊಟ್ಟುಗಳೇ ಬಚ್ಚಲೊಲೆಗೂ ಕಮ್ಮಾರನ ಕುಲುಮೆಯ ಬಳಿಗೂ ಹೋಗುತ್ತಿದ್ದವು. ಗರಗಸವು ಕಳೆದುಕೊಂಡದ್ದನ್ನು ಒಲೆಯು ಗಳಿಸುತ್ತಿತ್ತು.

ಈ ಹಳ್ಳಿಯ ಲೆಕ್ಕದ ಮೇಲೆ ಹತ್ತೊಂಬತ್ತನೆಯ ಶತಮಾನದಲ್ಲಿ ಸರಕಾರದ ಲೆಕ್ಕವು ಬಂದು ಕುಳಿತಿತು. 1847ರಲ್ಲಿ ಅಲೆಕ್ಸಾಂಡರ್ ಗಿಬ್ಸನ್ನನು ಮುಂಬಯಿ ಇಲಾಖೆಯ ಅರಣ್ಯಗಳ ಮೇಲಧಿಕಾರಿಯಾದನು. ಹಡಗುಗಳಿಗೆ ಸಾಗವಾನಿ ಬೇಕಾಗಿತ್ತು. ತರುವಾಯ ರೇಲ್ವೆಯ ಹಳಿಗಳ ಕೆಳಗೆ ಹಾಕುವ ತೊಲೆಗಳು ಬೇಕಾದವು. 1882ರಲ್ಲಿ ಸದರ್ನ್ ಮರಾಠಾ ರೇಲ್ವೆ ಕಂಪನಿಯು ಸ್ಥಾಪಿತವಾಗಿ, ಕೆಲವೇ ವರ್ಷಗಳಲ್ಲಿ ಲೋಂಡೆ, ಬೆಳಗಾವಿ, ಮಿರಜೆಗಳ ಮಾರ್ಗವು ನಮ್ಮ ಸೀಮೆಯ ಪೂರ್ವಕ್ಕೆ ಹಾದುಹೋಯಿತು. ಅದಕ್ಕಿಂತ ಮುಂಚೆಯೇ, 1878ರ ಅರಣ್ಯ ಕಾಯಿದೆಯು ಕಾಡುಗಳನ್ನು ಮೀಸಲು, ರಕ್ಷಿತ, ಗ್ರಾಮಾರಣ್ಯ ಎಂದು ವಿಂಗಡಿಸಿತ್ತು. ಇದರಿಂದ ಕಾಡಿಗೆ ಕೆಲಮಟ್ಟಿನ ರಕ್ಷಣೆ ದೊರೆಯಿತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಜನರು ತಲೆಮಾರುಗಳಿಂದ ಆಯ್ದು ತರುತ್ತಿದ್ದ ಒಣಕಟ್ಟಿಗೆಯು ಅನೇಕ ಕಡೆಗಳಲ್ಲಿ ಹಕ್ಕಿನ ವಸ್ತುವಾಗದೆ ಅನುಗ್ರಹದ ವಸ್ತುವಾಯಿತು. ಸರಕಾರಿ ದಫ್ತರದಲ್ಲಿ ತೊಲೆಯ ಉದ್ದಗಲಗಳು ಅಂಗುಲದವರೆಗೆ ದಾಖಲಾದವು. ತಲೆಹೊರೆಯು ದಾಖಲಾದದ್ದು ಹೆಚ್ಚಾಗಿ ಅಪರಾಧವಾದಾಗ ಮಾತ್ರ.

ಇದೇ ಕಾಲದಲ್ಲಿ ಮರದ ಸ್ಥಾನಕ್ಕೆ ಕಬ್ಬಿಣವು ಬರತೊಡಗಿತು. ದಖ್ಖನದ ಕಬ್ಬಿನ ಗಾಣಗಳು ಮೊದಲು ಮರದವು. ಜಾಲಿಯ ಗಟ್ಟಿ ಬೊಡ್ಡೆಗಳನ್ನು ಕೆತ್ತಿ ನೆಟ್ಟಗೆ ನಿಲ್ಲಿಸಿದ ಉರುಳೆಗಳ ನಡುವೆ ಎತ್ತುಗಳು ಕಬ್ಬನ್ನು ಹಿಂಡಿಸುತ್ತಿದ್ದವು. 1870ರ ದಶಕದಲ್ಲಿ ಬಿಹಾರದ ಬಿಹಿಯಾ ಎಂಬಲ್ಲಿ ಥಾಮ್ಸನ್ ಮತ್ತು ಮಿಲ್ನ್ ಎಂಬವರು ಕಬ್ಬಿಣದ ಗಾಣವನ್ನು ರೂಢಿಗೆ ತಂದರು. ಕ್ರಮೇಣ ಅಂಥ ಗಾಣಗಳು ದೇಶದಲ್ಲೆಲ್ಲ ಹಬ್ಬಿದವು. ನಮ್ಮ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯಿಂದ ಆರಂಭಿಸಿ, ಮೇವು ಕತ್ತರಿಸುವ ಯಂತ್ರವನ್ನೂ 1903ರ ಸುಮಾರಿಗೆ ಕಬ್ಬಿಣದ ನೇಗಿಲನ್ನೂ ಮಾಡಿದರು. ಕಬ್ಬಿಣವು ಭೂಮಿಗೆ ವಿಷವೆಂದು ಒಕ್ಕಲಿಗರು ಮೊದಮೊದಲು ಹಿಂಜರಿದರೆಂಬ ಮಾತು ಪ್ರಸಿದ್ಧವಾಗಿದೆ. 1910ರಲ್ಲಿ ಅವರ ಕಾರ್ಖಾನೆಯು ಔಂಧ ಸಂಸ್ಥಾನದ ನೆಲಕ್ಕೆ, ಇಂದಿನ ಕಿರ್ಲೋಸ್ಕರವಾಡಿಗೆ, ಹೋಯಿತು.

ಮರದ ಗಾಣ ಹೋಗಿ ಕಬ್ಬಿಣದ ಗಾಣ ಬಂದದ್ದರಿಂದ ಒಲೆಗೆ ಏನಾಯಿತು? ಉರುಳೆಯು ಹೆಚ್ಚು ಬಿಗಿಯಾಗಿ ಹಿಂಡಿದಷ್ಟೂ ರಸವು ಹೆಚ್ಚು ಬರುವುದು, ಸಿಪ್ಪೆಯು ಬೇಗನೆ ಒಣಗುವುದು. ಒಣಗಿದ ಸಿಪ್ಪೆಯೂ ಹೊಲದ ರವದಿಯೂ ಕೂಡಿ ಕೊಪ್ಪರಿಗೆಯ ಕೆಳಗಿನ ಉರಿಯನ್ನು ಬಹುಮಟ್ಟಿಗೆ ಸಾಗಿಸಬಲ್ಲವು. ಗಾಣದ ಒಲೆಯ ಮುಂದೆ ಕುಳಿತು ಉರಿ ಹಾಕಿದವರಿಗೆ ಇದರ ಮರ್ಮ ಗೊತ್ತು. ಸಿಪ್ಪೆಯನ್ನು ಒಮ್ಮೆಲೆ ತುಂಬಿದರೆ ಹೊಗೆಯೇ ಹೊರತು ಉರಿಯಿಲ್ಲ. ಹಿಡಿಹಿಡಿಯಾಗಿ, ಎಡೆಬಿಡದೆ, ಒಂದೇ ಹದದಲ್ಲಿ ಹಾಕುತ್ತಿರಬೇಕು. ಪಾಕವು ಹದಕ್ಕೆ ಬರುವಾಗ ಕೈಯನ್ನು ಹಿಂದೆಗೆಯಬೇಕು. ಇಲ್ಲವಾದರೆ ಬೆಲ್ಲವು ಕಪ್ಪಾಗಿ ಪೆಂಟೆಯ ಬೆಲೆ ಇಳಿಯುವುದು. ತನ್ನ ಉರುವಲನ್ನು ತಾನೇ ಹುಟ್ಟಿಸಿಕೊಳ್ಳುವ ಉದ್ಯೋಗಗಳಲ್ಲಿ ಬೆಲ್ಲದ ಗಾಣವು ನಮ್ಮ ಕಣ್ಣೆದುರಿನ ಉತ್ತಮ ನಿದರ್ಶನವು. 1939ರಲ್ಲಿ ಸ್ಥಾಪಿತವಾದ ಉಗಾರದ ಸಕ್ಕರೆ ಕಾರ್ಖಾನೆಯಂಥ ದೊಡ್ಡ ಉದ್ಯಮಗಳೂ ಕಬ್ಬಿನ ಸಿಪ್ಪೆಯನ್ನೇ ಉರಿಸುವ ಇದೇ ತತ್ತ್ವವನ್ನು ಅನುಸರಿಸಿದವು.

ಕಟ್ಟಿಗೆಯ ಗಿರಣಿಗಳು ಬಂದ ಮೇಲೆ ಗರಗಸದ ತಗ್ಗುಗಳು ಮುಚ್ಚಿದವು. ಚಕ್ರಗರಗಸವು ವೇಗದ್ದು, ಆದರೆ ದಪ್ಪವಾದುದರಿಂದ ಹೆಚ್ಚು ತಿನ್ನುವುದು; ಪಟ್ಟಿಗರಗಸವು ತೆಳ್ಳಗಿದ್ದು ಮರವನ್ನು ಉಳಿಸುವುದು. ಗಿರಣಿಯ ಸುತ್ತ ಹೊಟ್ಟಿನ ರಾಶಿ ಬೆಳೆದಾಗ ಅದಕ್ಕೆ ತಕ್ಕ ಒಲೆಯೂ ಹುಟ್ಟಿತು. ಹಳೆಯ ತಗಡಿನ ಡಬ್ಬಿಯ ನಡುವೆ ಒಂದು ದುಂಡುಕೋಲನ್ನು ನಿಲ್ಲಿಸಿ, ಕೆಳಗಿನ ಕಂಡಿಗೆ ಇನ್ನೊಂದು ಕೋಲನ್ನು ಅಡ್ಡವಿಟ್ಟು, ಸುತ್ತಲೂ ಹೊಟ್ಟನ್ನು ಗಟ್ಟಿಯಾಗಿ ಗುದ್ದಿ ತುಂಬಿ, ಕೋಲುಗಳನ್ನು ಮೆಲ್ಲನೆ ಎಳೆದು ಕೆಳಗಿನಿಂದ ಬೆಂಕಿ ತಾಗಿಸಿದರೆ, ಒಳಗಿನಿಂದ ಹೊರಕ್ಕೆ ಉರಿಯುತ್ತ ಅದು ತಾಸುಗಟ್ಟಲೆ ಕಾವು ಕೊಡುವುದು. ಚಹದಂಗಡಿಯವರಿಗೆ ಇದು ಬಹಳ ಅನುಕೂಲ. ಹೊಟ್ಟು ಹಸಿಯಿದ್ದರೆ ಮಾತ್ರ ಕಣ್ಣೀರೇ ಫಲ. ತುಂಬುವಾಗ ಸಡಿಲುಬಿಟ್ಟರೆ ನಡುವೆ ಕುಸಿದು ಉರಿ ಆರುವುದು. ಮುಂದೆ 1996ರ ಗೋದಾವರ್ಮನ್ ಮೊಕದ್ದಮೆಯ ಆಜ್ಞೆಯಿಂದ ಆರಂಭಿಸಿ ಸರ್ವೋಚ್ಚ ನ್ಯಾಯಾಲಯವು ಇಂಥ ಗಿರಣಿಗಳನ್ನು ಹತೋಟಿಗೆ ತಂದಿತು. ಪೂರ್ವಾನುಮತಿಯಿಲ್ಲದೆ ಹೊಸ ಗಿರಣಿಗಳನ್ನು ತೆರೆಯಗೊಡಬಾರದೆಂದು 2002ರಲ್ಲಿ ವಿಧಿಸಿತು.

ಇಷ್ಟೆಲ್ಲ ಬದಲಾದರೂ ಅಡಿಗೆಮನೆಯ ಒಲೆಯು ಬಹುಕಾಲ ಇದ್ದಂತೆಯೇ ಇದ್ದಿತು. ಮಣ್ಣಿನ ಕೋಡೊಲೆ, ಊದುಗೊಳವಿ, ಮಾಳಿಗೆಯಲ್ಲೊಂದು ಬೆಳಕಿಂಡಿ. ಹೊಗೆ ಹೋಗುವ ದಾರಿ ಅದೊಂದೇ. 1934ರಲ್ಲಿ ವರ್ಧೆಯಲ್ಲಿ ಸ್ಥಾಪಿತವಾದ ಅಖಿಲಭಾರತ ಗ್ರಾಮೋದ್ಯೋಗ ಸಂಘದ ಮಗನವಾಡಿಯಿಂದ ಮಗನ್ ಚೂಲಾ ಎಂಬ ಹೊಗೆನಳಿಗೆಯ ಒಲೆಯು ಹೊರಟಿತು. ಹೈದರಾಬಾದಿನಲ್ಲಿ ಎಸ್. ಪಿ. ರಾಜು ಅವರು ಹೊಗೆಯಿಲ್ಲದ ಅಡಿಗೆಮನೆಗಳನ್ನು ಕುರಿತು 1953ರಲ್ಲಿ ಪುಸ್ತಕ ಪ್ರಕಟಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಎ. ಕೆ. ಎನ್. ರೆಡ್ಡಿಯವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ಗ್ರಾಮತಂತ್ರ ಕೇಂದ್ರವು ಹುಟ್ಟಿತು. ಅದರವರು ತುಮಕೂರು ಜಿಲ್ಲೆಯ ಪುರ ಎಂಬ, ಸುಮಾರು 350 ಜನರ ಹಳ್ಳಿಯಲ್ಲಿ ಉರುವಲನ್ನು ಅಳೆದು ನೋಡಿದರು. ವರ್ಷಕ್ಕೆ 200 ಟನ್ನಿಗೆ ಮಿಕ್ಕಿದ ಕಟ್ಟಿಗೆ ಅಲ್ಲಿ ಉರಿಯುತ್ತಿತ್ತು. ಅದರಲ್ಲಿ ಬಹುಪಾಲು ಹಣಕ್ಕೆ ಕೊಂಡದ್ದಲ್ಲ, ಆಯ್ದು ಹೊತ್ತು ತಂದದ್ದು. ಹೊರೆಯು ಕೊನೆಗೊಮ್ಮೆ ತಕ್ಕಡಿಗೆ ಬಂದಿತು! ಆ ಅಭ್ಯಾಸದ ಫಲವಾಗಿ ಮೂರು ಪಾತ್ರೆಗಳ ಅಸ್ತ್ರ ಒಲೆಯು ಸಿದ್ಧವಾಗಿ ಕರ್ನಾಟಕದ ಅನೇಕ ಹಳ್ಳಿಗಳಿಗೆ ಹೋಯಿತು. ಕೇಂದ್ರ ಸರಕಾರವೂ 1983ರಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು.

ಆದರೂ ಇಂಥ ಒಲೆಗಳಲ್ಲಿ ಅನೇಕವು ಕೆಲವು ವರ್ಷಗಳಲ್ಲಿ ಮೂಲೆಗೆ ಬಿದ್ದವು. ಕಾರಣವು ಒಲೆ ಬಳಸಿದವರಿಗೆ ತಿಳಿದದ್ದೇ. ಹೊಗೆನಳಿಗೆಯಲ್ಲಿ ಮಸಿ ಕಟ್ಟಿದಾಗ ತೆಗೆಯುವವರಿಲ್ಲ. ಒಲೆಯ ಬಾಯಿ ಕಿರಿದು. ಉದ್ದ ಕಟ್ಟಿಗೆಯನ್ನು ತುಂಡುಮಾಡಿ, ಸೀಳಿ, ಒಣಗಿಸಿಡಬೇಕು. ಹೊಸದಾಗಿ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು; ಅದು ಆವಿಯಾಗಿ ಹೋಗುವವರೆಗೆ ಒಲೆಯ ಕಾವು ಪಾತ್ರೆಗೆ ಮುಟ್ಟುವುದಿಲ್ಲ. ಹಾಗಾದರೆ ಸೀಳುವವರು ಯಾರು? ತೊಲೆಯನ್ನು ಕೊಯ್ಯಲು ಇಬ್ಬರು ಗಂಡಸರಿಗೆ ಕೂಲಿಯಿತ್ತು, ಬಡಿಗನಿಗೆ ಆಯವಿತ್ತು. ಒಲೆಯ ಕಟ್ಟಿಗೆಯನ್ನು ತಂದು ಸೀಳುವ ಹೆಂಗಸಿಗೆ ಕೂಲಿಯೂ ಇಲ್ಲ, ಹರಿತವಾದ ಕೊಡಲಿಯೂ ಇಲ್ಲ. ಒಲೆಯ ಆಕಾರವನ್ನು ತಿದ್ದಿದವರು ಗರಗಸದ ಕೆಲಸವನ್ನು ಅವಳ ಲೆಕ್ಕಕ್ಕೇ ಬರೆದುಬಿಟ್ಟರು. ಬರಿದಾಗಿ ಉಳಿದ ಕಲಮೆಂದು ಆರಂಭದಲ್ಲಿ ಹೇಳಿದ್ದು ಇದನ್ನೇ.

2016ರ ಮೇ 1ರಂದು ಆರಂಭವಾದ ಉಜ್ವಲಾ ಯೋಜನೆಯಿಂದ ಬಡ ಮನೆಗಳಿಗೂ ಗ್ಯಾಸು ಬಂದಿತು. ಇದು ದೊಡ್ಡ ಉಪಕಾರವೇ ಸರಿ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ 32 ಲಕ್ಷ ಜನರು ಮಡಿದರೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜುಮಾಡಿದೆ. ಆದರೂ ಬಚ್ಚಲ ಹಂಡೆಯ ಕೆಳಗೆ, ಜೋಳದ ರೊಟ್ಟಿಯ ಹಂಚಿನ ಕೆಳಗೆ, ಮದುವೆಮುಂಜಿಗಳ ಒಲೆಗಳಲ್ಲಿ ಇನ್ನೂ ಅನೇಕ ಕಡೆ ಕಟ್ಟಿಗೆಯೇ ಉರಿಯುತ್ತಿದೆ. ಬದುವಿನ ಬಳ್ಳಾರಿ ಜಾಲಿಯನ್ನು ಕಡಿದು ತರುವ ಕೈ ಇನ್ನೂ ಹೆಚ್ಚಾಗಿ ಅದೇ ಕೈ.

ಆದುದರಿಂದ ಸಂಘದ ಸದಸ್ಯರಲ್ಲಿ ನನ್ನದೊಂದು ವಿಜ್ಞಾಪನೆ. ಕಬ್ಬೂರದಲ್ಲಿಯೂ ಸುತ್ತಲಿನ ಊರುಗಳಲ್ಲಿಯೂ ಗರಗಸ ಎಳೆದ ಮುದುಕರು, ಗಾಣದ ಒಲೆಗೆ ಉರಿ ಹಾಕಿದವರು, ಕಟ್ಟಿಗೆ ಹೊತ್ತ ಅಜ್ಜಿಯರು ಇನ್ನೂ ನಮ್ಮ ನಡುವೆ ಇರುವರು. ಯಾವ ಮರಕ್ಕೆ ಯಾವ ಕೆಲಸ, ಯಾವ ಒಲೆಗೆ ಯಾವ ಹೆಸರು, ಹೊರೆಗೆ ಎಷ್ಟು ದೂರ ನಡೆದರು, ದಿನಕ್ಕೆ ಎಷ್ಟು ಕಟ್ಟಿಗೆ ಬೇಕಾಯಿತು ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದಿಡೋಣ. ಶಿಲಾಶಾಸನವು ಇನ್ನೂ ನೂರು ವರ್ಷ ಕಾಯಬಲ್ಲದು. ಅಜ್ಜಿಯ ನೆನಪು ಕಾಯಲಾರದು. ಮೋಳಿಗೆಯ ಮಾರಯ್ಯನನ್ನು ಶರಣನೆಂದು ಪೂಜಿಸುವ ನಾಡು, ತನ್ನ ಮನೆಯಲ್ಲಿಯೇ ಮೋಳಿಗೆ ಹೊತ್ತವಳ ಲೆಕ್ಕವನ್ನು ಇನ್ನಾದರೂ ಬರೆದಿಡುವುದು ಯುಕ್ತವಾಗಿದೆ.