ಸೇಂದಿ
ಸೇಂದಿ (ನಾಮಪದ): ಈಚಲ ಮರದಿಂದ ಇಳಿಸಿದ ಹೆಂಡ. ‘ಸಿಂದಿ’ ಎಂದೂ ಅನ್ನುವುದುಂಟು. ಶಹಾಪುರ ತಾಲ್ಲೂಕಿನ ದೋರನಹಳ್ಳಿಯಂಥ ಊರುಗಳಲ್ಲಿ ಇದು ಮನೆಮಾತು.

ಮರಾಠಿಯಲ್ಲಿ ‘ಶಿಂದಿ’ ಎಂದರೆ ಈಚಲ ಮರವೂ ಹೌದು, ಅದರ ಹೆಂಡವೂ ಹೌದು. ಉರ್ದುವಿನಲ್ಲಿ ಅದು ‘ಸೇಂಧಿ’. 1948ರವರೆಗೆ ಶಹಾಪುರದ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಆಡಳಿತ ಉರ್ದುವಿನಲ್ಲಿ ನಡೆಯುತ್ತಿತ್ತು. ಕಚೇರಿಯ ಪದ ಊರವರ ಬಾಯಿಗೆ ಬಂದಿರಬೇಕು. ಸೇಂದಿಗೆ ತೆರಿಗೆ ಹಾಕುವ ‘ಅಬಕಾರಿ’ಯೂ ಹೊರಗಿನದೇ, ಫಾರಸಿ ಪದ. ಕನ್ನಡಕ್ಕೆ ಕಳ್ಳು, ಹೆಂಡ ಮೊದಲೇ ಇದ್ದವು. ಕಲ್ಯಾಣದ 12ನೇ ಶತಮಾನದ ಶರಣ ಹೆಂಡದ ಮಾರಯ್ಯನ ಹೆಸರೇ ಸಾಕ್ಷಿ.

ಚಳಿಗಾಲದಲ್ಲಿ ಮರದ ತಲೆಯ ಹತ್ತಿರ ಕಾಂಡ ಕೆತ್ತಿ, ಸಂಜೆ ಮಡಿಕೆ ಕಟ್ಟುತ್ತಾರೆ. ನಸುಕಿನಲ್ಲಿ ಇಳಿಸಿದ ರಸ ಸಿಹಿ. ಮಡಿಕೆಯೊಳಗೆ ಸುಣ್ಣ ಬಳಿದಿದ್ದರೆ ಅದು ನೀರಾ. ಇಲ್ಲವಾದರೆ ಬಿಸಿಲೇರುವಷ್ಟರಲ್ಲಿ ಬುರುಗು ಎದ್ದು ಸೇಂದಿ. ಮರುದಿನಕ್ಕೆ ಬರೀ ಹುಳಿ.

ಪ್ರಯೋಗ: ಸೇಂದಿ ಇಳಿಸು, ಸೇಂದಿ ಅಂಗಡಿ. ಈಗ ಪತ್ರಿಕೆಗಳಲ್ಲಿ ಹೆಚ್ಚಾಗಿ ಕಾಣುವುದು ‘ಕಲಬೆರಕೆ ಸೇಂದಿ ಜಪ್ತಿ’. ಅದರಲ್ಲಿ ಎಷ್ಟೋ ಸಲ ಈಚಲ ರಸವೇ ಇರುವುದಿಲ್ಲ, ಮತ್ತಿನ ಪುಡಿ ಕಲಸಿದ ನೀರಿರುತ್ತದೆ.