ಹಳೇಬೀಡಿನ ಹಳೆಯ ಛಾಯಾಚಿತ್ರಗಳ ಅಳತೆಯ ವಿಚಾರ

ಹೊಯ್ಸಳರ ದೇವಾಲಯಗಳನ್ನು ಕುರಿತು ವಿಚಾರ ಮಾಡುವವರಿಗೆ ಶಾಸನಗಳೂ ಶಿಲ್ಪಗಳೂ ಮುಖ್ಯ ಸಾಧನಗಳೆಂಬುದು ವಿದಿತವೇ ಇದೆ. ಇವುಗಳ ಜೊತೆಗೆ ಮತ್ತೊಂದು ಸಾಧನವೂ ಉಂಟು. ಅದು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ತೆಗೆದ ಛಾಯಾಚಿತ್ರಗಳು. ಶಾಸನವೊಂದನ್ನು ಆಧಾರವಾಗಿ ಎತ್ತಿಕೊಳ್ಳುವ ಮೊದಲು ಅದರ ಲಿಪಿಯನ್ನೂ ಶಿಲೆಯನ್ನೂ ಕಂಡರಣೆಯನ್ನೂ ಪರೀಕ್ಷಿಸುವ ವಿದ್ವಾಂಸರು, ಛಾಯಾಚಿತ್ರವನ್ನು ಮಾತ್ರ ಕಣ್ಣಿಗೆ ಕಂಡಂತೆಯೇ ನಂಬಿಬಿಡುವುದುಂಟು. ಛಾಯಾಚಿತ್ರಕ್ಕೂ ಅದರದೇ ಆದ ಶಿಲೆ, ಉಳಿಗಳಿವೆ. ಹಾಳೆಯ ಅಳತೆಯೊಂದು, ಮಸೂರದ ಗುಣವೊಂದು. ಇವೆರಡನ್ನೂ ತಿಳಿಯದೆ ಆ ಚಿತ್ರಗಳ ಸಾಕ್ಷ್ಯವನ್ನು ಸರಿಯಾಗಿ ಓದುವುದು ಸಾಧ್ಯವಿಲ್ಲ.

ಲಿನಿಯಸ್ ಟ್ರೈಪ್ ಎಂಬಾತನು ೧೮೨೨ರಲ್ಲಿ ಇಂಗ್ಲೆಂಡಿನ ಡೆವನ್‌ಪೋರ್ಟಿನಲ್ಲಿ ಹುಟ್ಟಿ, ಈಸ್ಟ್ ಇಂಡಿಯ ಕಂಪೆನಿಯ ಮದರಾಸು ಸೈನ್ಯವನ್ನು ಸೇರಿದವನು. ರಜೆಯ ಮೇಲೆ ಸ್ವದೇಶದಲ್ಲಿದ್ದಾಗ ಛಾಯಾಗ್ರಹಣವನ್ನು ಕಲಿತು, ೧೮೫೩ರಲ್ಲಿ ಲಂಡನ್ನಿನ ಛಾಯಾಗ್ರಾಹಕರ ಸಂಘದ ಸದಸ್ಯನಾದನು. ೧೮೫೪ರಲ್ಲಿ ಬೆಂಗಳೂರಿಗೆ ಮರಳಿದ ಮೇಲೆ, ಅದೇ ವರ್ಷದ ಡಿಸೆಂಬರಿನಲ್ಲಿ ಹಳೇಬೀಡಿಗೂ ಬೇಲೂರಿಗೂ ಹೋಗಿ ದೇವಾಲಯಗಳ ಚಿತ್ರಗಳನ್ನು ತೆಗೆದನು. ೧೮೫೫ರ ಮದರಾಸು ವಸ್ತುಪ್ರದರ್ಶನದಲ್ಲಿ ಆತನು ಇಟ್ಟಿದ್ದ ೬೮ ಚಿತ್ರಗಳಿಗೆ ಮೊದಲ ದರ್ಜೆಯ ಪದಕವು ದೊರೆಯಿತು.

ಈ ಚಿತ್ರಗಳ ಹಾಳೆಯು ಸುಮಾರು ೧೨ ಅಂಗುಲ ಅಗಲ, ೧೫ ಅಂಗುಲ ಉದ್ದವಾದುದು. ಆ ಕಾಲದಲ್ಲಿ ಪೂರ್ಣಫಲಕವೆಂದು ಪ್ರಸಿದ್ಧವಾಗಿದ್ದ ಅಳತೆ ಆರೂವರೆ ಅಂಗುಲಕ್ಕೆ ಎಂಟೂವರೆ ಅಂಗುಲವಷ್ಟೆ. ಟ್ರೈಪನ ಹಾಳೆ ಅದರ ಮೂರರಷ್ಟಕ್ಕಿಂತಲೂ ಹೆಚ್ಚು. ಇಷ್ಟು ದೊಡ್ಡ ಹಾಳೆಗೆ ತಕ್ಕ ಪೆಟ್ಟಿಗೆಯನ್ನೂ ಮಸೂರವನ್ನೂ ದ್ರಾವಣಗಳನ್ನೂ ಗಾಡಿಯ ದಾರಿಯಲ್ಲಿ ಸಾಗಿಸುವ ಕಷ್ಟವನ್ನು ಆತನು ಏಕೆ ಕೈಕೊಂಡನು? ಇದನ್ನು ಆಡಂಬರವೆಂದು ತಳ್ಳಿಹಾಕಲಾಗದು.

ಮೊದಲನೆಯದಾಗಿ, ಅಂದು ಚಿತ್ರವನ್ನು ಹಿಗ್ಗಿಸಿ ಅಚ್ಚಿಳಿಸುವ ಅನುಕೂಲವು ಬಳಕೆಗೆ ಬಂದಿರಲಿಲ್ಲ. ನೆಗೆಟಿವ್ ಹಾಳೆಯ ಮೇಲೆ ಲವಣಲೇಪಿತ ಕಾಗದವನ್ನು ಒತ್ತಿಟ್ಟು ಬಿಸಿಲಿಗೆ ಹಿಡಿದರೆ ಅದೇ ಅಳತೆಯ ಪ್ರತಿ ಮೂಡುತ್ತಿತ್ತು. ದೊಡ್ಡ ಚಿತ್ರ ಬೇಕಾದರೆ ದೊಡ್ಡ ಪೆಟ್ಟಿಗೆಯೇ ಬೇಕು. ಎರಡನೆಯ ಕಾರಣವು ಇದಕ್ಕಿಂತ ಸೂಕ್ಷ್ಮವಾದುದು. ಆತನ ನೆಗೆಟಿವ್ ಗಾಜಿನದಲ್ಲ, ಮೇಣವಿಳಿಸಿದ ಕಾಗದದ್ದು. ೧೮೫೧ರಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಪ್ರಕಟಿಸಿದ ಈ ಕ್ರಮದಲ್ಲಿ ಕಾಗದವನ್ನು ಮುಂಚಿತವಾಗಿ ಸಿದ್ಧಮಾಡಿ ಕೆಲವು ದಿನ ಇಟ್ಟುಕೊಳ್ಳಬಹುದಾಗಿತ್ತು. ಅದೇ ವರ್ಷ ಆರ್ಚರನು ಹೊರಡಿಸಿದ ಕೊಲೋಡಿಯನ್ ಕ್ರಮದಲ್ಲಾದರೋ ಗಾಜಿನ ಲೇಪವು ಆರುವುದರೊಳಗೆ ಕೆಲಸವೆಲ್ಲ ಮುಗಿಯಬೇಕು. ನಮ್ಮ ಸೀಮೆಯ ಸೆಕೆಯಲ್ಲಿ ಪಯಣಿಗನಿಗೆ ಕಾಗದವೇ ವಾಸಿ. ಆದರೆ ಕಾಗದಕ್ಕೆ ನಾರುಂಟು. ಮೇಣ ಹಾಕಿದರೂ ನಾರಿನ ನೆರಳು ಪೂರ್ತಿ ಅಳಿಯದು. ಬಿಂಬದ ಸೂಕ್ಷ್ಮ ಗೆರೆ ನಾರಿಗಿಂತ ಸಣ್ಣದಾದರೆ ಅದು ಮಸುಕಾಗುತ್ತದೆ.

ಹೊಯ್ಸಳೇಶ್ವರ ದೇವಾಲಯದ ಗೋಡೆಗೆ ಈ ಮಾತನ್ನು ಅನ್ವಯಿಸಿ ನೋಡಬಹುದು. ಕೆಳಗಣ ಗಜಪಂಕ್ತಿಯೊಂದೇ ಫರ್ಗ್ಯುಸನ್ನನ ಲೆಕ್ಕದಂತೆ ಸುಮಾರು ೭೧೦ ಅಡಿ ಹರಿದಿದೆ. ಗೋಡೆಯ ೬೦ ಅಡಿ ಭಾಗವನ್ನು ೧೫ ಅಂಗುಲದ ಹಾಳೆಯಲ್ಲಿ ತುಂಬುವಂತೆ ತೆಗೆದರೆ, ಒಂದು ಅಡಿ ಎತ್ತರದ ಆನೆಯು ಹಾಳೆಯಲ್ಲಿ ಕಾಲು ಅಂಗುಲವಾಗಿ ನಿಲ್ಲುತ್ತದೆ. ಪೂರ್ಣಫಲಕದಲ್ಲಾದರೆ ಅದು ಅಂಗುಲದ ಏಳರಲ್ಲೊಂದು ಪಾಲಿಗೆ ಇಳಿಯುತ್ತದೆ. ಕಾಲು ಅಂಗುಲದ ಆನೆಯಲ್ಲಿ ಸೊಂಡಿಲನ್ನೂ ಗೆಜ್ಜೆಯ ಸಾಲನ್ನೂ ಅರಸಬಹುದು. ಮತ್ತೊಂದರಲ್ಲಿ ನಾರಿನ ನಡುವೆ ಒಂದು ಕಲೆ ಮಾತ್ರ ಉಳಿದೀತು. ಶಿಲ್ಪವನ್ನು ಓದಬೇಕೆಂಬ ಉದ್ದೇಶವೇ ಹಾಳೆಯ ಅಳತೆಯನ್ನು ಕೇಳುತ್ತಿತ್ತು.

ಇನ್ನು ಮಸೂರದ ವಿಚಾರ. ಹಾಳೆಯ ಮೂಲೆಯಿಂದ ಮೂಲೆಗೆ ಅಳೆದರೆ ಸುಮಾರು ೧೯ ಅಂಗುಲವಾಗುತ್ತದೆ. ಅಷ್ಟು ಅಗಲಕ್ಕೆ ಬಿಂಬವನ್ನು ಹರಡಬಲ್ಲ ಮಸೂರಕ್ಕೆ ಹೆಚ್ಚುಕಡಮೆ ಅಷ್ಟೇ, ಅಥವಾ ಅದಕ್ಕೂ ಮಿಕ್ಕ ನಾಭಿದೂರವಿರಬೇಕೆಂಬುದು ಸಾಮಾನ್ಯ ನಿಯಮ. ೧೮೪೦ರಲ್ಲಿ ಪೆಟ್ಸ್‌ವಾಲನು ಗಣಿತದಿಂದ ರಚಿಸಿದ ಭಾವಚಿತ್ರದ ಮಸೂರವು ಬೆಳಕನ್ನು ಧಾರಾಳವಾಗಿ ಕುಡಿಯುವಂಥದು. ಆದರೆ ಅದರ ಬಿಂಬ ನಡುವೆ ಮಾತ್ರ ಸ್ಪಷ್ಟ, ಅಂಚಿನಲ್ಲಿ ಕಲಸಿಹೋಗುತ್ತದೆ. ಮುಖವೊಂದನ್ನು ಬರೆಯಲು ಅದು ಸಾಕು, ಭಿತ್ತಿಗೆ ಸಾಲದು. ಆದುದರಿಂದ ಕಟ್ಟಡಗಳ ಚಿತ್ರಕಾರರು ಸಾಧಾರಣವಾಗಿ ಆಶ್ರಯಿಸುತ್ತಿದ್ದುದು ಭೂದೃಶ್ಯ ಮಸೂರವೆಂಬ ಅರ್ಧಚಂದ್ರಾಕೃತಿಯ ಒಂಟಿ ಮಸೂರವನ್ನು. ಅದರ ಮುಂದೆ ಕಿರಿದಾದ ರಂಧ್ರವುಳ್ಳ ತಡೆಯನ್ನಿಟ್ಟರೆ ಮಾತ್ರ ಬಿಂಬವು ಅಂಚಿನವರೆಗೆ ಹದವಾಗಿ ನಿಲ್ಲುತ್ತದೆ. ನಾಭಿದೂರ ೨೦ ಅಂಗುಲವಾಗಿ ರಂಧ್ರವು ಅದರ ಮೂವತ್ತರಲ್ಲೊಂದು ಪಾಲಾದರೆ, ಹಾಳೆಗೆ ಸಲ್ಲುವ ಬೆಳಕು ಪೆಟ್ಸ್‌ವಾಲನ ಮಸೂರ ಕೊಡುವುದರ ಎಪ್ಪತ್ತರಲ್ಲೊಂದು ಪಾಲಿನಷ್ಟಾಗುತ್ತದೆ. ನಕ್ಷತ್ರಾಕಾರದ ತಳವಿನ್ಯಾಸದ ಗೋಡೆಯು ಮುಂದಕ್ಕೂ ಹಿಂದಕ್ಕೂ ಮಡಿಕೆಯಾಗಿ ನಡೆಯುವುದರಿಂದ, ಹತ್ತಿರದ ಮೂಲೆಯೂ ದೂರದ ಸಂದೂ ಒಮ್ಮೆಗೇ ಸ್ಪಷ್ಟವಾಗಬೇಕಾದರೆ ರಂಧ್ರವನ್ನು ಇನ್ನಷ್ಟು ಕಿರಿದುಮಾಡಬೇಕಾಗುವುದು. ಹಾಳೆ ದೊಡ್ಡದಾದಷ್ಟೂ ಈ ತೊಡಕು ಹೆಚ್ಚು.

ಇದರ ಫಲವಾಗಿ ಹಾಳೆಗೆ ಬೆಳಕು ತೋರಿಸುವ ಕಾಲವು ನಿಮಿಷಗಳಲ್ಲಿ ಎಣಿಸುವಂಥದಾಯಿತು. ಅಂಗಳದಲ್ಲಿ ನಡೆದುಹೋದ ಮನುಷ್ಯನು ಅಂಥ ಚಿತ್ರದಲ್ಲಿ ಇರುವುದೇ ಇಲ್ಲ. ಗಾಳಿಗಾಡಿದ ಮರ ಮಂಜಿನಂತಾಗುತ್ತದೆ, ಕೆರೆಯ ನೀರು ಕನ್ನಡಿಯಂತಾಗುತ್ತದೆ. ಅಂಥ ಪಟಗಳಲ್ಲಿ ಜನರಿಲ್ಲದ ಪ್ರಾಕಾರವನ್ನು ಕಂಡು, ದೇವಾಲಯವು ಆಗ ಹಾಳುಬಿದ್ದು ಪೂಜೆಯಿಲ್ಲದೆ ಇದ್ದಿತೆಂದು ಊಹಿಸುವವರು ಮಸೂರದ ರಂಧ್ರವನ್ನೇ ಇತಿಹಾಸವೆಂದು ಓದಿದಂತಾಗುತ್ತದೆ. ಆಕಾಶದ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅಂದಿನ ರಾಸಾಯನಿಕವು ನೀಲಿ ಬೆಳಕಿಗೆ ಮಾತ್ರ ಬಲವಾಗಿ ಒಲಿಯುತ್ತಿದ್ದುದರಿಂದ ಆಕಾಶವು ಬರಿದಾಗಿ ಬರುತ್ತಿತ್ತು. ಟ್ರೈಪನು ನೆಗೆಟಿವ್‌ಗಳಿಗೆ ಕೈಯಿಂದ ಬಣ್ಣ ಹಚ್ಚಿ ಮೋಡಗಳನ್ನೂ ಎಲೆಗಳನ್ನೂ ತಿದ್ದಿದ್ದಾನೆ. ಆ ಮೋಡಗಳು ಯಾವ ಋತುವಿಗೂ ಸೇರಿದವುಗಳಲ್ಲ. ಒಂಟಿ ಮಸೂರಕ್ಕೆ ಮತ್ತೊಂದು ದೋಷವೂ ಉಂಟು. ಹಾಳೆಯ ಅಂಚಿಗೆ ಬಿದ್ದ ನೇರ ಗೆರೆಯನ್ನು ಅದು ಹೊರಕ್ಕೆ ಉಬ್ಬಿಸುತ್ತದೆ. ಅಂಚಿನ ಕಂಬ ಬಾಗಿದಂತೆ ಕಂಡರೆ ಅದಕ್ಕೆ ಹೊಣೆ ತಳಪಾಯವಲ್ಲದಿರಬಹುದು. ಹಳೇಬೀಡಿನಲ್ಲಿ ಮಾತ್ರ ಒಂದು ಅನುಕೂಲವಿತ್ತು: ಅಲ್ಲಿ ಶಿಖರವಿಲ್ಲ. ಉದ್ದಕ್ಕೆ ಮಲಗಿದ ಕಟ್ಟಡ ಉದ್ದಕ್ಕೆ ಮಲಗಿದ ಹಾಳೆಗೆ ಒಪ್ಪುತ್ತದೆ. ಎತ್ತರದ ಗೋಪುರಗಳ ಮುಂದೆ ಪೆಟ್ಟಿಗೆಯನ್ನು ಮೇಲಕ್ಕೆ ಓರೆಮಾಡಿದರೆ ಗೋಡೆಗಳು ಒಂದಕ್ಕೊಂದು ವಾಲಿದಂತೆ ಬರುವ ಕಷ್ಟ ಇಲ್ಲಿ ಅಷ್ಟಾಗಿ ಇರಲಿಲ್ಲ.

೧೮೫೫ರಲ್ಲಿ ಆವಾ ಆಸ್ಥಾನಕ್ಕೆ ಹೋದ ನಿಯೋಗದೊಡನೆ ಟ್ರೈಪನು ಬರ್ಮಾ ದೇಶಕ್ಕೆ ತೆರಳಿದನು. ಅಲ್ಲಿಯ ೧೨೦ ಚಿತ್ರಗಳ ೫೦ ಸಂಪುಟಗಳು ತರುವಾಯ ಸಿದ್ಧವಾದುವು; ಎಂದರೆ ಒಂದೊಂದಾಗಿ ಬಿಸಿಲಿಗೆ ಹಿಡಿದ ಪ್ರತಿಗಳು ಆರು ಸಾವಿರ. ಬಳಿಕ ಮದರಾಸು ಸರ್ಕಾರದ ಛಾಯಾಚಿತ್ರಕಾರನಾಗಿ, ೧೮೫೭ರ ಡಿಸೆಂಬರಿನಿಂದ ಶ್ರೀರಂಗ, ತಿರುಚಿನಾಪಳ್ಳಿ, ಮಧುರೆ, ತಂಜಾವೂರುಗಳಲ್ಲಿ ಸಂಚರಿಸಿದನು. ಇವುಗಳಲ್ಲಿ ತಂಜಾವೂರಿನ ಕೆಲಸವೇ ಶಾಸನಾಭ್ಯಾಸಿಗಳಿಗೆ ಹೆಚ್ಚು ಬೆಲೆಯುಳ್ಳದ್ದು. ಬೃಹದೀಶ್ವರ ದೇವಾಲಯದ ಅಧಿಷ್ಠಾನವನ್ನು ಸುತ್ತಿದ ಶಾಸನಪಂಕ್ತಿಯನ್ನು ೧೮೫೮ರಲ್ಲಿ ತುಂಡುತುಂಡಾಗಿ ತೆಗೆದು, ೨೧ ಚಿತ್ರಗಳನ್ನು ಜೋಡಿಸಿ ಸುಮಾರು ೧೯ ಅಡಿಯ ಸುರುಳಿಯನ್ನು ಮಾಡಿದನು. ಬಿಡಿಚಿತ್ರದಲ್ಲಿ ಅಂಚಿನ ಬಾಗು ಮನ್ನಿಸಬಹುದಾದ ದೋಷ. ಜೋಡಣೆಯಲ್ಲಿ ಹಾಗಲ್ಲ, ಒಂದು ಹಾಳೆಯ ಸಾಲು ಮುಂದಿನ ಹಾಳೆಯ ಸಾಲಿಗೆ ಕೂಡಲೇಬೇಕು. ಪೆಟ್ಟಿಗೆಯನ್ನು ಗೋಡೆಗೆ ಸಮಾನಾಂತರವಾಗಿ, ಒಂದೇ ದೂರದಲ್ಲಿ, ಒಂದೇ ಎತ್ತರದಲ್ಲಿ ಸರಿಸುತ್ತ ಹೋಗದಿದ್ದರೆ ಅದು ಆಗುವ ಕೆಲಸವಲ್ಲ. ಈ ದೇವಾಲಯದ ಶಾಸನಗಳನ್ನು ಹುಲ್ಟ್ಷ್ ಪಂಡಿತರು ದಕ್ಷಿಣ ಭಾರತದ ಶಾಸನಸಂಪುಟಗಳಲ್ಲಿ ಪ್ರಕಟಿಸತೊಡಗಿದ್ದು ಇದಾದ ಮೂವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ.

ದೊಡ್ಡ ಹಾಳೆಗೆ ದೊಡ್ಡ ವೆಚ್ಚವೂ ತಗಲುತ್ತಿತ್ತು. ೧೮೫೯ರಲ್ಲಿ ಮದರಾಸಿನ ಗವರ್ನರಾಗಿ ಬಂದ ಸರ್ ಚಾರ್ಲ್ಸ್ ಟ್ರೆವೆಲ್ಯನ್ನನು ಇಂಥ ವಿಭಾಗವು ಸರ್ಕಾರದ ಹಣಕಾಸಿನ ಸ್ಥಿತಿಗೆ ಹೊಂದದ ವಿಲಾಸವೆಂದೆಣಿಸಿ ಅದನ್ನು ನಿಲ್ಲಿಸಿಬಿಟ್ಟನು. ಬೊಕ್ಕಸದ ದೃಷ್ಟಿಯಿಂದ ಅದು ಸರಿಯಿದ್ದರೂ ಇರಬಹುದು. ಆದರೆ ಆಗ ತೆಗೆಯದೆ ಉಳಿದ ಗೋಡೆಗಳ ಆ ಕಾಲದ ಸ್ಥಿತಿಯನ್ನು ಮುಂದೆ ಯಾವ ಹಣದಿಂದಲೂ ಮರಳಿ ಪಡೆಯುವಂತಿರಲಿಲ್ಲ. ಟ್ರೈಪನು ೧೯೦೨ರಲ್ಲಿ ಡೆವನ್‌ಪೋರ್ಟಿನಲ್ಲಿ ತೀರಿಕೊಂಡನು.

ಕನ್ನಡ ನಾಡಿನ ದೇವಾಲಯಗಳನ್ನು ಅದೇ ದಶಕದಲ್ಲಿ ಚಿತ್ರಿಸಿದ ಇನ್ನು ಮೂವರಿದ್ದಾರೆ: ಮುಂಬಯಿ ಸರ್ಕಾರವು ೧೮೫೫ರಲ್ಲಿ ನೇಮಿಸಿದ ಬಿಗ್ಸ್, ಆತನ ಸ್ಥಾನಕ್ಕೆ ಬಂದ ವೈದ್ಯ ಪಿಗೌ, ಮತ್ತು ನೀಲ್. ಈ ಮೂವರ ಚಿತ್ರಗಳನ್ನು ಕೂಡಿಸಿ, ಮೆಡೋಸ್ ಟೇಲರ್ ಮತ್ತು ಫರ್ಗ್ಯುಸನ್ನರ ಬರಹಗಳೊಡನೆ, ಧಾರವಾಡ ಮೈಸೂರುಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥವನ್ನು ಲಂಡನ್ನಿನಲ್ಲಿ ೧೮೬೬ರಲ್ಲಿ ಹೊರಡಿಸಿದರು. ಹಳೇಬೀಡಿನ ಗುಡಿಯನ್ನು ಗ್ರೀಸಿನ ಪಾರ್ಥೆನಾನಿಗೆ ಎದುರಾಗಿ ನಿಲ್ಲಿಸಿ, ಕಟ್ಟಡಕಲೆಯ ಎರಡು ಧ್ರುವಗಳೆಂದು ತೂಗಿದವನು ಈ ಫರ್ಗ್ಯುಸನ್ನನೇ. ಅಂಚಿನ ಗೆರೆಯನ್ನು ಬಾಗಿಸದ ಜೋಡಿಮಸೂರಗಳನ್ನು ಮ್ಯೂನಿಕ್ಕಿನ ಸ್ಟೈನ್‌ಹೈಲನೂ ಲಂಡನ್ನಿನ ಡಾಲ್‌ಮೇಯರನೂ ಬೇರೆಬೇರೆಯಾಗಿ ಹೊರತಂದುದು ಅದೇ ೧೮೬೬ನೆಯ ವರ್ಷದಲ್ಲಿ. ಗ್ರಂಥದ ಪಟಗಳೆಲ್ಲ ಅದಕ್ಕೆ ಮುಂಚಿನವು.