ಅಮ್ಮನ ತೇಗದ ಗಿಡಗಳು

ಅಮ್ಮನ ಕಬ್ಬಿಣದ ಟ್ರಂಕಿನ ತಳದಲ್ಲಿ, ಧಾರೆ ಸೀರೆಯ ಮಡಿಕೆಯೊಳಗೆ ಹಸಿರು ಅಂಚಿನ ಒಂದು ಕಾಗದವಿತ್ತು. ದಪ್ಪ ಕಾಗದ, ಮೂಲೆಯಲ್ಲಿ ಮರದ ಚಿತ್ರ, ಕೆಳಗೆ ದುಂಡನೆಯ ಮೊಹರು. ದೂರದಿಂದ ನೋಡಿದರೆ ಮದುವೆಯ ಕರೆಯೋಲೆ ಅನ್ನಬೇಕು. ಅದರ ಪ್ರಕಾರ ನಮ್ಮಮ್ಮ ಐದು ತೇಗದ ಗಿಡಗಳ ಒಡತಿ. ಆ ಗಿಡಗಳನ್ನು ಅವಳು ಒಮ್ಮೆಯೂ ಕಂಡವಳಲ್ಲ.

ಅದು 1994. ಆಗ ಪತ್ರಿಕೆ ಬಿಡಿಸಿದರೆ ತೇಗದ ಜಾಹೀರಾತು; ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಒಂದು ಗಿಡಕ್ಕೆ ಸಾವಿರ ರೂಪಾಯಿ, ಇಪ್ಪತ್ತು ವರ್ಷ ಕಳೆದರೆ ಐವತ್ತು ಸಾವಿರ. ತಿಪಟೂರಿನ ನಮ್ಮ ಬೀದಿಗೆ ಇದನ್ನು ತಂದವನು ಮೇಷ್ಟ್ರ ಮಗ. ಪರಊರಿನವನಾಗಿದ್ದರೆ ಅಮ್ಮ ಬಾಗಿಲಲ್ಲೇ ಮಾತಾಡಿಸಿ ಕಳಿಸುತ್ತಿದ್ದಳು. ಇವನು ಕಣ್ಣೆದುರು ಬೆಳೆದ ಹುಡುಗ, ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, "ಅತ್ತೆ, ನಿಮ್ಮ ಮಗಳ ಮದುವೆಗೆ ಆಗುತ್ತೆ" ಅಂದ. ಹಾಲು ಮಾರಿ, ಹಪ್ಪಳ ಮಾರಿ ಕೂಡಿಸಿದ ಐದು ಸಾವಿರ ಅಪ್ಪನಿಗೆ ತಿಳಿಯದಂತೆ ಡಬ್ಬದಿಂದ ಎದ್ದು ಹೋಯಿತು.

ಮೂರು ವರ್ಷಕ್ಕೆ ಕಂಪನಿಯ ಕಚೇರಿಗೆ ಬೀಗ ಬಿತ್ತು. ಮೇಷ್ಟ್ರ ಮಗ ನಾಚಿಕೆಯಿಂದ ಊರನ್ನೇ ಬಿಟ್ಟ. ಅವನ ಸ್ವಂತ ಅಕ್ಕನ ದುಡ್ಡೂ ಅದರಲ್ಲಿತ್ತು. ಅಮ್ಮನೂ ನಾನೂ ಬಸ್ಸು ಹತ್ತಿ ಜಿಲ್ಲಾ ಕೇಂದ್ರದ ಒಂದು ಕಚೇರಿಗೆ ದೂರು ಕೊಡಲು ಹೋದೆವು. ಅಲ್ಲಿದ್ದವರು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ಠೇವಣಿ ಅಲ್ಲಮ್ಮ. ನೀವು ಗಿಡ ಕೊಂಡಿದ್ದೀರಿ" ಅಂದರು. ಒರಟಾಗೇನೂ ಅನ್ನಲಿಲ್ಲ, ಪಾಪ. ಆದರೆ ಅಮ್ಮ ಹಿಂದಿರುಗುವ ದಾರಿಯುದ್ದಕ್ಕೂ ಮಾತಾಡಲಿಲ್ಲ.

ಆ ಒಂದು ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಆಮೇಲೆ ಇಂಥ ಕಂಪನಿಗಳ ಸುದ್ದಿ ಬಂದಾಗಲೆಲ್ಲ ನಾನು ಹುಡುಕುವುದು, ಎಷ್ಟು ಕೋಟಿ ಮುಳುಗಿತು ಅನ್ನುವುದನ್ನಲ್ಲ; ದುಡ್ಡು ಕೊಟ್ಟವರನ್ನು ಕಾಗದದಲ್ಲಿ ಏನೆಂದು ಕರೆದಿದ್ದರು ಅನ್ನುವುದನ್ನು.

ತೇಗದ ವಿಷಯವನ್ನೇ ನೋಡಿ. ಇವೆಲ್ಲ ಜನರ ಹಣ ಒಟ್ಟುಗೂಡಿಸುವ ಸಾಮೂಹಿಕ ಹೂಡಿಕೆ ಯೋಜನೆಗಳು, ಸೆಬಿಯ ಹತೋಟಿಗೆ ಬರಬೇಕು ಎಂದು ಕೇಂದ್ರ ಸರ್ಕಾರ ಹೇಳಿದ್ದು 1997ರ ನವೆಂಬರಿನಲ್ಲಿ. ನಿಯಮಗಳು ಬಂದದ್ದು 1999ರ ಅಕ್ಟೋಬರಿನಲ್ಲಿ. ಅಷ್ಟರಲ್ಲಿ ಎಷ್ಟೋ ಊರುಗಳಲ್ಲಿ ಬೀಗ ಬಿದ್ದು, ಬೀಗಕ್ಕೆ ತುಕ್ಕೂ ಹಿಡಿದಿತ್ತು.

ಪರ್ಲ್ಸ್ ಎಂದು ಹೆಸರಾಗಿದ್ದ ಪಿ.ಎ.ಸಿ.ಎಲ್. ಕಂಪನಿ ಗಿಡದ ಬದಲು ಜಮೀನು ಅಂದಿತು. ಕಂತು ಕಟ್ಟಿದವರು ಅದರ ಲೆಕ್ಕದಲ್ಲಿ ಜಮೀನಿನ 'ಗ್ರಾಹಕರು'. ಇದು ಸಾಮೂಹಿಕ ಹೂಡಿಕೆಯಲ್ಲ ಎಂದು 2003ರಲ್ಲಿ ರಾಜಸ್ಥಾನ ಹೈಕೋರ್ಟು ಒಪ್ಪಿತು. ಆ ತೀರ್ಪನ್ನು ಸುಪ್ರೀಂ ಕೋರ್ಟು ಬದಿಗಿಟ್ಟು, ವಿಚಾರಿಸಿ ನೋಡಿ ಎಂದು ಸೆಬಿಗೆ ಹೇಳಿದ್ದು 2013ರಲ್ಲಿ. ಹತ್ತು ವರ್ಷ! ನಡುವೆ ಕಂತು ವಸೂಲಿ ನಡೆದೇ ಇತ್ತು. 2014ರಲ್ಲಿ ಸೆಬಿ ಆದೇಶ ಹೊರಡಿಸುವ ಹೊತ್ತಿಗೆ ಸುಮಾರು 5.85 ಕೋಟಿ ಜನರಿಂದ 49,100 ಕೋಟಿ ರೂಪಾಯಿ ಸೇರಿತ್ತು. 2016ರಲ್ಲಿ ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಆರ್.ಎಂ. ಲೋಧಾ ಅವರ ಸಮಿತಿಗೆ ಜಮೀನು ಮಾರಿ ಹಣ ಹಂಚುವ ಕೆಲಸ ಬಿತ್ತು. ಸಮಿತಿ ಮೊದಲು ಕರೆದದ್ದು 2,500 ರೂಪಾಯಿಯವರೆಗೆ ಬರಬೇಕಾದವರನ್ನು. ಆಮೇಲೆ ಐದು ಸಾವಿರ, ಏಳು ಸಾವಿರ, ಹತ್ತು ಸಾವಿರ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ. ಚಿಕ್ಕವರನ್ನು ಮೊದಲು ಕೂರಿಸುವ ಈ ಪಂಕ್ತಿ ನನಗೆ ಹಿಡಿಸಿತು. ಆದರೆ ಬಡಿಸಿಕೊಳ್ಳಲು ಎಲೆ ಬೇಕಲ್ಲ. ರಸೀದಿ ಬೇಕು, ಬ್ಯಾಂಕಿನ ಖಾತೆ ಬೇಕು, ಎರಡರಲ್ಲೂ ಹೆಸರು ಒಂದೇ ಇರಬೇಕು. ನಮ್ಮ ಹೆಂಗಸರ ಹೆಸರು ತವರಲ್ಲಿ ಒಂದು, ಗಂಡನ ಮನೆಯಲ್ಲಿ ಒಂದು, ಪಡಿತರ ಚೀಟಿಯಲ್ಲಿ ಇನ್ನೊಂದು!

ನಮ್ಮ ಬೆಂಗಳೂರಿನಲ್ಲೇ ಆದದ್ದು ಐ.ಎಂ.ಎ. ಪ್ರಕರಣ. 2006ರಲ್ಲಿ ಮೊಹಮ್ಮದ್ ಮನ್ಸೂರ್ ಖಾನ್ ಆರಂಭಿಸಿದ ಸಂಸ್ಥೆ. ಬಡ್ಡಿ ತಿನ್ನುವುದು ಧರ್ಮಕ್ಕೆ ವಿರುದ್ಧವೆಂದು ಬ್ಯಾಂಕಿನಲ್ಲಿ ಠೇವಣಿ ಇಡಲೊಲ್ಲದ ಮುಸ್ಲಿಂ ಕುಟುಂಬಗಳಿಗೆ, ಇದು ಬಡ್ಡಿಯಲ್ಲ, ವ್ಯಾಪಾರದ ಲಾಭದ ಪಾಲು ಎಂದು ಹೇಳಿತು. ಅದಕ್ಕೆ ತಕ್ಕಂತೆ ಹಣ ಕೊಟ್ಟವರನ್ನು 'ಪಾಲುದಾರರು' ಎಂದು ಬರೆದುಕೊಂಡಿತು. ಎಷ್ಟು ಮರ್ಯಾದೆಯ ಮಾತು ನೋಡಿ! ಆ ಮರ್ಯಾದೆಯೇ ಕುಣಿಕೆಯಾಯಿತು. ನಮ್ಮ ರಾಜ್ಯದಲ್ಲಿ ಠೇವಣಿದಾರರ ಹಿತ ಕಾಯುವ 2004ರ ಕಾಯ್ದೆ ಇದೆ: ಸಂಸ್ಥೆಯ ಆಸ್ತಿ ಜಪ್ತಿ ಮಾಡಿ, ವಿಶೇಷ ನ್ಯಾಯಾಲಯದ ಮೂಲಕ ಹಂಚಬಹುದು. ಆದರೆ ಸಂಸ್ಥೆ ಕುಸಿಯುವ ಮೊದಲೇ ಅನುಮಾನ ಬಂದು ಕಂದಾಯ ಇಲಾಖೆ ವಿಚಾರಣೆ ನಡೆಸಿದಾಗ ಬಂದ ವರದಿ, ಇವರು ಪಾಲುದಾರರು, ಆದ್ದರಿಂದ ಆ ಕಾಯ್ದೆ ಅನ್ವಯಿಸದು ಎಂದಿತು. ಆ ವರದಿಯ ಹಿಂದೆ ಲಂಚವಿತ್ತೆಂಬ ಆರೋಪದ ಮೇಲೆ ಆಮೇಲೆ ಅಧಿಕಾರಿಗಳ ಬಂಧನವೂ ಆಯಿತು. ಅಮ್ಮನಿಗೆ ಆ ದಿನ ಹೇಳಿದ ಮಾತೇ ಇದು. ಗಿಡದ ಜಾಗದಲ್ಲಿ ಪಾಲು ಬಂದಿತ್ತು, ಅಷ್ಟೆ.

2019ರ ಜೂನ್. ಈದ್ ಹಬ್ಬ ಕಳೆದು ವಾರವಾಗಿರಲಿಲ್ಲ. ಮಾಲೀಕನ ದನಿಯೆನ್ನಲಾದ ಒಂದು ಆಡಿಯೋ ಫೋನಿನಿಂದ ಫೋನಿಗೆ ಹರಿಯಿತು. ಆತ ದುಬೈ ಸೇರಿದ್ದ. ಶಿವಾಜಿನಗರದ ಮಳಿಗೆಯ ಮುಂದೆ ಸೇರಿದ ಜನರನ್ನು ನಾನು ಟೀವಿಯಲ್ಲಿ ಕಂಡೆ. ಬುರ್ಖಾ ತೊಟ್ಟ ಹೆಂಗಸರು ಪ್ಲಾಸ್ಟಿಕ್ ಚೀಲದಲ್ಲಿ ಕಾಗದಗಳನ್ನು ಎದೆಗವಚಿಕೊಂಡು ನಿಂತಿದ್ದರು. ಆ ಹಿಡಿತ ನನಗೆ ಗೊತ್ತು. ಬಸ್ಸಿನಲ್ಲಿ ಅಮ್ಮ ಹಾಗೆಯೇ ಹಿಡಿದುಕೊಂಡಿದ್ದಳು.

ದೂರುಗಳು ನಲವತ್ತು ಸಾವಿರ ದಾಟಿದವು. ಜುಲೈನಲ್ಲಿ ದೆಹಲಿಯ ವಿಮಾನ ನಿಲ್ದಾಣದಲ್ಲಿ ಖಾನ್ ಬಂಧನವಾಯಿತು, ಆಗಸ್ಟಿನಲ್ಲಿ ತನಿಖೆ ಸಿ.ಬಿ.ಐ.ಗೆ ಹೋಯಿತು. ಸುಮಾರು 4,000 ಕೋಟಿಯ ವಂಚನೆ ಎಂದು ಲೆಕ್ಕ. ಕೊನೆಗೆ, ಮೊದಲು ಬೇಡವೆಂದಿದ್ದ ಅದೇ ಕಾಯ್ದೆಯಡಿ ಹಣ ಹಂಚುವುದೆಂದಾಯಿತು. ಹರ್ಷ ಗುಪ್ತ ಎಂಬ ಹಿರಿಯ ಐ.ಎ.ಎಸ್. ಅಧಿಕಾರಿಗೆ ಆ ಹೊಣೆ ಬಂತು. ಹೈಕೋರ್ಟು ಬೆನ್ನುಬಿಡದೆ ವರದಿ ಕೇಳುತ್ತಿತ್ತು. 2020ರ ಕೊನೆಯಲ್ಲಿ ಅರ್ಜಿ ಕರೆದಾಗ ಅರವತ್ತು ಸಾವಿರಕ್ಕೂ ಹೆಚ್ಚು ಬಂದವು. ಇಲ್ಲಿಯೂ ಐವತ್ತು ಸಾವಿರದೊಳಗಿನ ಬಾಕಿಯವರಿಗೇ ಮೊದಲ ಸರದಿ.

ಹಂಚಿಕೆಯ ಲೆಕ್ಕ ಮಾತ್ರ ನನ್ನನ್ನು ಬಹಳ ದಿನ ಕಾಡಿತು. ತಿಂಗಳು ತಿಂಗಳು ಪಡೆದ 'ಲಾಭ'ವನ್ನೆಲ್ಲ ಕೂಡಿಸಿ, ಕೊಟ್ಟ ಅಸಲಿನಿಂದ ಕಳೆದು, ಉಳಿದದ್ದಷ್ಟೇ ಬಾಕಿ. ಅಸಲಿಗಿಂತ ಹೆಚ್ಚು ಆಗಲೇ ಬಂದಿದ್ದರೆ ಏನೂ ಇಲ್ಲ. ನ್ಯಾಯವೇ ಸರಿ, ಮೊದಲು ಬಂದವರಿಗೆ ಸಿಕ್ಕ ಲಾಭವೆಂದರೆ ಕೊನೆಗೆ ಬಂದವರ ಅಸಲು ತಾನೆ? ಇಷ್ಟನ್ನು ನಾನು ಒಪ್ಪುತ್ತೇನೆ. ಆದರೂ ಮಹರಿನ ಹಣ ಇಟ್ಟು, ತಿಂಗಳಿಗಿಷ್ಟು ಬಂದದ್ದರಲ್ಲಿ ಮಕ್ಕಳ ಫೀಸು ಕಟ್ಟಿ, ಬಾಡಿಗೆ ಕೊಟ್ಟು, ಅದು ಲಾಭವೆಂದೇ ನಂಬಿದ್ದವಳಿಗೆ ಒಂದು ದಿನ "ನೀವು ತಿಂದದ್ದು ನಿಮ್ಮದೇ ಗಂಟು, ಈಗ ಮುಗಿಯಿತು" ಅಂದರೆ ಹೇಗಾದೀತು? ಜಪ್ತಿಯಾದ ಆಸ್ತಿಯೋ ಬಾಕಿಯನ್ನೆಲ್ಲ ತೀರಿಸಲು ಸಾಲದು. ಇದ್ದದ್ದರಲ್ಲಿ ಹಂಚಬೇಕು, ಎಲ್ಲರಿಗೂ ಒಂದೇ ಅಳತೆ ಬೇಕು. ಇದಕ್ಕಿಂತ ಒಳ್ಳೆಯ ಅಳತೆ ನನಗೂ ಹೊಳೆದಿಲ್ಲ.

ಅದೇ 2019ರಲ್ಲಿ ಸಂಸತ್ತು ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ ಕಾಯ್ದೆ ತಂದಿತು. ವಕೀಲಿ ಓದಿದ ನನ್ನ ತಮ್ಮನ ಮಗಳಿಂದ ತರಿಸಿಕೊಂಡು ನಾನು ಮೊದಲು ನೋಡಿದ್ದು ಠೇವಣಿ ಎಂದರೇನು ಎಂಬ ಭಾಗವನ್ನು. ಮುಂಗಡವೋ ಸಾಲವೋ ಬೇರೆ ಯಾವ ರೂಪವೋ, ಹಿಂದಿರುಗಿಸುತ್ತೇವೆಂದು ಮಾತುಕೊಟ್ಟು ಪಡೆದ ಹಣವೆಲ್ಲ ಠೇವಣಿ. ಹಿಂದೆ ಕೊಡುವುದು ನಗದಾದರೂ ಸರಿ, ವಸ್ತುವಾದರೂ ಸರಿ. ಓದಿ ನನಗೆ ಕಣ್ಣು ತುಂಬಿತು. ಯಾರೋ ಅಮ್ಮನ ಗಿಡಗಳನ್ನು ನೆನಪಿಟ್ಟುಕೊಂಡು ಬರೆದ ಹಾಗಿತ್ತು. ಹುಡುಗಿ ಪಕ್ಕದಲ್ಲೇ ಕೂತವಳು, "ದೊಡ್ಡತ್ತೆ, ಕೆಳಗೆ ಓದಿ" ಅಂದಳು. ಕೆಳಗೆ, ಯಾವುದು ಠೇವಣಿಯಲ್ಲ ಎಂಬ ಪಟ್ಟಿ. ಅದರಲ್ಲಿ ಪಾಲುದಾರರು ಬಂಡವಾಳವೆಂದು ಹಾಕಿದ ಹಣವೂ ಇತ್ತು. ನಿಜವಾದ ಪಾಲುದಾರಿಕೆಗಳೂ ಲೋಕದಲ್ಲಿ ಇವೆ, ಅವಕ್ಕೆ ಇದು ಬೇಕು, ಅಂತ ಅವಳು ವಿವರಿಸಿದಳು. ಇರಬಹುದು. ನಾನು ಮಾತ್ರ ಆ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದೆ.

ಅಮ್ಮ ಹೋದ ಮೇಲೆ ಟ್ರಂಕು ನನ್ನ ಪಾಲಿಗೆ ಬಂತು. ಹಸಿರು ಅಂಚು ಈಗ ಬಿಳಿಚಿದೆ, ಮೊಹರು ಓದಲಾಗುವುದಿಲ್ಲ. ಕಾಗದವನ್ನು ತಿರುಗಿಸಿದಾಗ ಹಿಂಬದಿಯಲ್ಲಿ, ಹಾಲಿನ ಲೆಕ್ಕ ಬರೆಯುತ್ತಿದ್ದ ಅವಳ ಗುಂಡಕ್ಷರದಲ್ಲಿ ಒಂದು ಸಾಲು ಕಂಡಿತು. ತಾರೀಖು, ಮೇಷ್ಟ್ರ ಮಗನ ಹೆಸರು, ಆಮೇಲೆ: "ಇಟ್ಟದ್ದು ರೂ. 5,000."